ನಲವತ್ತು ಮೀಟರ್ ಸೋಸುಬಟ್ಟೆ

"ಮೊದಲ ಮೂಸಿ ನೋಡ್ರಿ ಕಾಕೂ. ಆಮ್ಯಾಲ ಮುಟ್ಟೀರಂತ."

ದಾಕ್ಷಾಯಿಣಿ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ್ದೇ ತಡ, ಹುಕ್ಕೇರಿಯ ಆ ಬಟ್ಟೆ ಅಂಗಡಿಯಲ್ಲಿ ಸೀರೆ ಆರಿಸುತ್ತ ಕುಳಿತಿದ್ದ ನಾಲ್ವರು ಹೆಂಗಸರು ಮೂಗಿಗೆ ಸೆರಗು ಒತ್ತಿಕೊಂಡು, ಮೆಟ್ಟಿಲಿಗೆ ಕಾಲು ತಾಗಿಸದೆ, ಒಂದೇ ಜಿಗಿತಕ್ಕೆ ರಸ್ತೆಯ ಆ ಬದಿ ಸೇರಿದರು. ಕಟ್ಟೆಯ ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು ಸಂಕೇಶ್ವರದ ದಿಕ್ಕಿಗೆ ಓಡಿದ್ದು ಹದಿನೈದು ದಿನ ಊರಿಗೆ ಮರಳಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಒಲೆಯ ಮೇಲಿದ್ದ ಹಾಲು ತಾನಾಗಿಯೇ ಒಡೆಯಿತು ಎಂದು ಇವತ್ತಿಗೂ ಹೇಳುವವರಿದ್ದಾರೆ. ಅಂಥ ವಾಸನೆ!

ಗಾದಿಯ ಮೇಲೆ ಕುಳಿತಿದ್ದ ಜಿನ್ನವ್ವ ಮಾತ್ರ ಜಗ್ಗಲಿಲ್ಲ. ಮೂವತ್ತೆಂಟು ವರ್ಷದಿಂದ ಅದೇ ಗಾದಿ, ಅದೇ ಕತ್ತರಿ. ಬಟ್ಟೆಯ ಅಂಚು ಬೆರಳಿಗೆ ತಾಗಿದರೆ ಸಾಕು, ನೂಲು ಯಾವ ಹೊಲದ ಹತ್ತಿಯದು, ಆ ಹೊಲದವನ ಹೆಂಡತಿಯ ತವರು ಯಾವುದು ಎಂದು ಹೇಳಬಲ್ಲವಳು. ಆಕೆ ಚೀಲದೊಳಗೆ ಇಣುಕಿದಳು. ಕಂದು ಕಲೆ ಹಿಡಿದು ರಟ್ಟಿನಂತಾಗಿದ್ದ ಬಿಳಿ ಬಟ್ಟೆಯ ತುಂಡು. ಅಂಚಿನಲ್ಲಿ ಒಂದೇ ಒಂದು ನೀಲಿ ಎಳೆ.

ಆಕೆಯ ಕಣ್ಣು ಆ ಎಳೆಯ ಮೇಲೆ ಅರೆಕ್ಷಣ ನಿಂತಿತು. ಆಮೇಲೆ ತಲೆ ಎತ್ತಿ, "ನಂದಲ್ಲ" ಎಂದಳು.

"ನಾ ಇನ್ನೂ ಏನೂ ಕೇಳೇ ಇಲ್ಲಲ್ರಿ ಕಾಕೂ."

ದಾಕ್ಷಾಯಿಣಿಯ ಬೆನ್ನ ಹಿಂದೆ ನಿಂತಿದ್ದ ಉದ್ದಪ್ಪ ಕೆಮ್ಮಿದ. ಆಕೆಯ ನೆರೆಮನೆಯ ನಿವೃತ್ತ ಪೊಲೀಸ್ ಹವಾಲ್ದಾರ. ಒಂದು ಕಾಲಕ್ಕೆ ಮೂವರು ಕಳ್ಳರನ್ನು ಒಂದೇ ಸೈಕಲ್ಲಿನ ಮೇಲೆ ಕೂರಿಸಿಕೊಂಡು, ಸೈಕಲ್ಲನ್ನು ಅವರಿಂದಲೇ ತುಳಿಸಿಕೊಂಡು ಠಾಣೆಗೆ ಬಂದವನು. ಆತ ಜೇಬಿನಿಂದ ನೋಟ್‌ಬುಕ್ ತೆಗೆದು, ಪೆನ್ಸಿಲಿಗೆ ಉಗುಳು ಹಚ್ಚಿ ಬರೆದ: 'ಬಟ್ಟೆ ಆಕೆಯದಲ್ಲ. ಅಂದರೆ ಆಕೆಯದೇ.'

ಹಿಂದಿನ ವಾರದ ಗುರುವಾರ ಧುಪದಾಳದ ಒಡ್ಡಿನ ಆಚೆ, ಮುಚ್ಚಿದ ಎಣ್ಣೆ ಗಾಣದ ಶೆಡ್ಡಿನಲ್ಲಿ ನಶೆಯ ಪುಡಿ ಮಾಡುವ ಕಳ್ಳ ಕಾರ್ಖಾನೆ ಸಿಕ್ಕಿತ್ತು. ಮಾಡಿದವರು ಓಡಿಹೋಗಿದ್ದರು. ಬಿಟ್ಟುಹೋದ ನೀಲಿ ಬ್ಯಾರಲ್ಲು, ಪೈಪುಗಳ ನಡುವೆ ಸಿಕ್ಕದ್ದು, ಆ ಪುಡಿ ಮಾಡಲು ಬಳಸಿದ ನೆಗಡಿ ಗುಳಿಗೆಯ ಎರಡು ಸಾವಿರ ಖಾಲಿ ಪಟ್ಟಿ. ಅಷ್ಟೂ ಮಾಲು ಮೂಡಲಗಿಯಲ್ಲಿ ಔಷಧ ಅಂಗಡಿ ಇಟ್ಟಿದ್ದ ದಾಕ್ಷಾಯಿಣಿಯ ಹೆಸರಿಗೆ, ಆಕೆಯ ಫಾರ್ಮಸಿಸ್ಟ್ ನೋಂದಣಿ ಸಂಖ್ಯೆಗೇ ಬಂದದ್ದು ಎಂದು ಕಾಗದಪತ್ರ ಹೇಳುತ್ತಿದ್ದವು. ಸೋಮವಾರ ಹತ್ತು ಗಂಟೆಯೊಳಗೆ ಸರಿಯಾದ ಉತ್ತರ ಬರದಿದ್ದರೆ ಲೈಸೆನ್ಸ್ ರದ್ದು, ಅಂಗಡಿಗೆ ಬೀಗ, ಆಮೇಲೆ ಜೈಲೋ ಕೋರ್ಟೋ ದೇವರೇ ಬಲ್ಲ. ಇಷ್ಟು ಹೇಳುವ ನೋಟೀಸು ನಿನ್ನೆಯ ಅಂಚೆಯಲ್ಲಿ ಬಂದಿತ್ತು. ಇವತ್ತು ಶನಿವಾರ, ೨೦೦೩ರ ಮೇ ತಿಂಗಳ ರಣಬಿಸಿಲು.

ದಾಕ್ಷಾಯಿಣಿಗೆ ತಲೆ ಕೆಟ್ಟು ಮೊಸರಾಗಿತ್ತು. ಒಬ್ಬ ಗಿರಾಕಿಗೆ ಎರಡು ಪಟ್ಟಿಗಿಂತ ಹೆಚ್ಚು ನೆಗಡಿ ಗುಳಿಗೆ ಆಕೆ ಎಂದೂ ಕೊಟ್ಟವಳಲ್ಲ. ಮೂರನೆಯದು ಕೇಳಿದವರಿಗೆ, "ಯಾರಿಗೆ ನೆಗಡಿ? ಕರಕೊಂಡು ಬರ್ರಿ, ಮೂಗ ನೋಡ್ತೇನಿ" ಎನ್ನುತ್ತಿದ್ದಳು. ಮೂಡಲಗಿಯ ಮೂಗುಗಳೆಲ್ಲ, ಕೌಜಲಗಿಯ ಮೂಗುಗಳನ್ನೂ ಸೇರಿಸಿಕೊಂಡು, ಒಟ್ಟಿಗೆ ಸೋರಿ ಹಳ್ಳವಾಗಿ ಹರಿದರೂ ಎರಡು ಸಾವಿರ ಪಟ್ಟಿ ಖರ್ಚಾಗುವಂತಿರಲಿಲ್ಲ. ಹಾಗಾದರೆ ಅಷ್ಟು ಗುಳಿಗೆ ಯಾವ ಬಾಗಿಲಿನಿಂದ ಬಂದವು, ಯಾವ ಬಾಗಿಲಿನಿಂದ ಹೋದವು? ಅಂಗಡಿಗೆ ಇರುವುದು ಒಂದೇ ಬಾಗಿಲು. ಅದರಲ್ಲಿ ಕುಳಿತವಳು ತಾನು.

ಕೈಗೆ ಸಿಕ್ಕದ್ದು ಈ ಬಟ್ಟೆಯೊಂದೇ. ಪೊಲೀಸರು ನೆಲ ಒರೆಸುವ ಚಿಂದಿ ಎಂದು ಬಿಟ್ಟುಹೋದದ್ದನ್ನು ಉದ್ದಪ್ಪ ಶೆಡ್ಡಿನ ಮೊಳೆಯಿಂದ ಬಿಡಿಸಿ ತಂದಿದ್ದ.

"ಧುಪದಾಳದ ನಶಾ ಪುಡಿ ಶೆಡ್ಡಿನಾಗ ಸಿಕ್ಕದ್ರಿ ಇದು. ಈ ನೀಲಿ ಎಳಿ ಇನ್ನ ಯಾರ ಅಂಗಡಿ ಅರಿವಿಗೆ ಐತ್ರಿ?" ದಾಕ್ಷಾಯಿಣಿ ಕೇಳಿದಳು.

"ನೀಲಿ ಬಣ್ಣ ನಮ್ಮಪ್ಪ ಕಂಡುಹಿಡದಾನೇನ? ಯಾರರ ಹಾಕ್ಕೋಬಹುದು."

"ಆದ್ರ ಹೊರಗ ಬೋರ್ಡಿನ ಮ್ಯಾಲ 'ನೀಲಿ ಎಳೆ ನೋಡಿ ಕೊಳ್ಳಿರಿ, ಮೋಸ ಹೋಗಬೇಡಿರಿ' ಅಂತ ನೀವ ಬರಸೀರಿ."

ಜಿನ್ನವ್ವ ಬಾಗಿಲಿನ ಕಡೆ ಹೀಗೆ ನೋಡಿದಳೆಂದರೆ, ಬೋರ್ಡು ಬರೆದ ಪೇಂಟರ್ ಆ ಹೊತ್ತಿನಲ್ಲಿ ಎಲ್ಲೇ ಇದ್ದಿರಲಿ, ಅವನಿಗೆ ಬಿಕ್ಕಳಿಕೆ ಹತ್ತಿರಬೇಕು.

"ಹೂಂ, ನಂದ ಅರಿವಿ. ಏನೀಗ? ನೀರು ಸೋಸೋ ಅರಿವಿ. ನಮ್ಮ ಜೈನರ ಮನಿಯೊಳಗ ಸೋಸದ ನೀರ ಕುಡಿಯಂಗಿಲ್ಲ ಅನ್ನೂದು ನಿನಗೂ ಗೊತ್ತೈತಿ. ಎರಡ ಪದರ ಮಾಡಿ ಸೂರ್ಯಾಗ ಹಿಡದ್ರ ಸೂರ್ಯಾ ಕಾಣಬಾರದು, ಹಂಗ ನೇಯಿಸ್ತೇನಿ. ಸಾವಿರ ಮಂದಿ ಒಯ್ತಾರ. ಯಾವ ಮನಿಯಿಂದ ಯಾವ ಕಳ್ಳ ಕದ್ದು ಶೆಡ್ಡಿಗೆ ಒಯ್ದಾನೋ, ನನಗೇನ ಕನಸ ಬೀಳತೈತೇನ?"

"ಮನಿಯಿಂದ ಕದ್ದದ್ದ ಅಲ್ರಿ. ಶೆಡ್ಡಿನಾಗ ಗುಳಗಿ ರಸಾ ಸೋಸಿ ಸುಟ್ಟ ಇಂಥಾ ತುಂಡಿನ ಬೂದಿ ಎರಡ ಬುಟ್ಟಿ ಇತ್ತು. ಬೂದ್ಯಾಗೂ ನೀಲಿ ಎಳಿ ಉಳದಿದ್ದವು."

"ಸುಟ್ಟ?" ಜಿನ್ನವ್ವನ ಧ್ವನಿ ಒಂದು ಮೆಟ್ಟಿಲು ಇಳಿಯಿತು.

ದಾಕ್ಷಾಯಿಣಿ ಆ ಮೆಟ್ಟಿಲನ್ನು ಗಮನಿಸಿದಳು. ಆದರೆ ಅಲ್ಲೇ ಒತ್ತಲಿಲ್ಲ. ವರ್ಷಗಟ್ಟಲೆ ಔಷಧ ಮಾರಿದವಳಿಗೆ, ಹೊಟ್ಟೆನೋವು ಎಂದು ಬಂದವರ ನಿಜವಾದ ನೋವು ಬೇರೆಲ್ಲೋ ಇರುತ್ತದೆಂದು ಗೊತ್ತಿತ್ತು.

"ನಿನ್ನಿ ಗೋಕಾಕದಾಗ ರಾಜಪ್ಪನ ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ವಿ" ಎಂದಳು. "ಶೆಡ್ಡಿನಾಗಿನ ನೀಲಿ ಬ್ಯಾರಲ್ಲು, ಪೈಪು ಎಲ್ಲಾ ಅವರ ಕಡೆ ಒಯ್ದದ್ದು. ಒಯ್ದಾವ ಹಣೀ ತುಂಬ ವಿಭೂತಿ, ಕೊಳ್ಳಾಗ ಲಿಂಗ, ಬಾಯಿ ಬಿಟ್ರ ವಚನ. ಮಠದ ಪ್ರಸಾದಕ್ಕ ನೀರ ತುಂಬಾಕ ಬೇಕು ಅಂದನಂತ. ರಾಜಪ್ಪ ಕಾಕಾರು ಕಣ್ಣಾಗ ನೀರ ತಂದು ಕೈ ಮುಗದು ಕೊಟ್ಟಾರ."

"ಹಂಗಾರ ಅವನ ಬ್ಯಾರೆ, ಇವನ ಬ್ಯಾರೆ. ನನ್ನ ಕಡೆ ಬಂದಾವ ಪಕ್ಕಾ ಶ್ರಾವಕ. ನಮ್ಮ ಜೈನ ಮಂದಿಯೊಳಗ ಅಂಥಾ ಧರ್ಮವಂತ..."

ಮಾತು ಅಲ್ಲಿಗೇ ನಿಂತಿತು. ಅಂಗಡಿಯ ಫ್ಯಾನು ಕೂಡ ತಿರುಗುವುದನ್ನು ಬಿಟ್ಟು ಕಿವಿ ಕೊಟ್ಟಂತೆ ಇತ್ತು. ಕರೆಂಟು ಹೋಗಿತ್ತು, ಅದು ಬೇರೆ ಮಾತು.

"ಬಂದಾವ ಅಂದ್ರಿ" ಎಂದಳು ದಾಕ್ಷಾಯಿಣಿ ಮೆಲ್ಲಗೆ. "ಯಾರು?"

"ಯಾರೂ ಇಲ್ಲ."

"ಕಾಕೂ."

"ಏ ತಂಗಿ, ಗಿರಾಕಿ ಸುದ್ದಿ ಇನ್ನೊಬ್ಬ ಅಂಗಡಿಯವರಿಗೆ ಹೇಳೂದ ನಮ್ಮ ಮನಿತನದಾಗ ಇಲ್ಲ. ನಮ್ಮ ಮಾವಾರ ಕಾಲದಿಂದ ಇಲ್ಲ. ನಿನ್ನ ಅಂಗಡ್ಯಾಗ ಯಾರ ಯಾವ ಗುಳಗಿ ಒಯ್ತಾರಂತ ನಾ ಕೇಳೇನೇನ?"

"ಕೇಳಿದ್ರ ಚಲೋ ಇತ್ರಿ. ನೀವು ನನ್ನ ಕೇಳಿದ್ರ, ನಾ ರಾಜಪ್ಪ ಕಾಕಾನ್ನ ಕೇಳಿದ್ರ, ಅವ್ರು ನಿಮ್ಮನ್ನ ಕೇಳಿದ್ರ, ಈ ಶೆಡ್ಡು ಎರಡನೇ ದಿನಾನ ಸಿಗತಿತ್ತು. ಬ್ಯಾರಲ್ ಮಾರಿದವರಿಗೆ ಅದು ಬರೇ ಬ್ಯಾರಲ್. ಅರಿವಿ ಮಾರಿದವರಿಗೆ ಬರೇ ಅರಿವಿ. ಒಬ್ಬಾವನ ಕೈಯಾಗ ಎಲ್ಲಾ ಕೂಡಿದ ಮ್ಯಾಲ ವಿಷ ಆಗೈತಿ. ಸೋಮವಾರ ನನ್ನ ಅಂಗಡಿಗೆ ಬೀಗ ಬೀಳತೈತ್ರಿ ಕಾಕೂ. ಮಾಡದ ತಪ್ಪಿಗೆ."

ಜಿನ್ನವ್ವ ಕತ್ತರಿ ಎತ್ತಿ ಕೆಳಗಿಟ್ಟಳು. ಮತ್ತೆ ಎತ್ತಿದಳು.

"ಒಂದ ಮಾತ ಹೇಳ್ರಿ ಸಾಕು" ದಾಕ್ಷಾಯಿಣಿ ಗಾದಿಯ ಅಂಚಿಗೆ ಕುಳಿತಳು. "ಒಂದು ಮನಿಗೆ ಸೋಸೋ ಅರಿವಿ ಎಷ್ಟ ದಿನಾ ಬರತೈತಿ?"

"ಮೀಟರ್ ಅರಿವಿ ಆರ ತಿಂಗಳ ಬರತೈತಿ. ನನ್ನ ಅರಿವಿ ಅಂದ್ರ ಎಂಟ."

"ಹಳೇದಾದ ಮ್ಯಾಲ?"

"ತೊಳದು, ಒಣಗಿಸಿ, ದೇವರ ಸಾಮಾನ ಒರಸಾಕ ಇಟಗೋತೇವಿ. ಹೊಲಸಿಗೆ ಹಾಕಂಗಿಲ್ಲ. ನೀರ ಸೋಸಿದ ಮ್ಯಾಲೂ ಅರಿವಿ ಬೋರಲ ಮಾಡಿ, ಮ್ಯಾಲ ಸೋಸಿದ ನೀರ ಹಾಕಿ, ಅದರಾಗ ಸಿಕ್ಕ ಸಣ್ಣ ಸಣ್ಣ ಜೀವಾನ್ನ ಯಾವ ಬಾವಿಯಿಂದ ಬಂದ್ವೋ ಅದೇ ಬಾವಿಗೆ ಬಿಡತೇವಿ. ಅವಕ್ಕೂ ಮನಿ ಐತಲ್ಲ ತಂಗಿ."

"ನಿಮ್ಮ ಆ ಶ್ರಾವಕ ಎಷ್ಟ ಒಯ್ತಿದ್ದ?"

ರಸ್ತೆಯ ಆ ಬದಿಯ ನಾಲ್ವರು ಹೆಂಗಸರು ಕೂಡ ಮೂಗಿನ ಸೆರಗು ಇಳಿಸಿ ಈ ಕಡೆ ಕತ್ತು ಉದ್ದ ಮಾಡಿದ್ದರು.

"ನಲವತ್ತ ಮೀಟರ್" ಎಂದಳು ಜಿನ್ನವ್ವ. "ಎಂಟ ದಿನಕ್ಕೊಮ್ಮೆ."

"ಎಂದಿನಿಂದ?"

"ಯುಗಾದಿ ಹಿಂದಿನಿಂದ." ಆಕೆ ಬೆರಳು ಮಡಚುತ್ತ ಹೋದಳು. ಒಂದು ಕೈ ಮುಗಿಯಿತು. ಇನ್ನೊಂದು ಕೈಯ ಮೂರನೆಯ ಬೆರಳಿಗೆ ಬಂದು ನಿಂತಳು. ಎಂಟು ಸಲ. ಮುಖದ ಬಣ್ಣ ಆ ಗಾದಿಯ ಬಿಳಿ ಹೊದಿಕೆಯಂತಾಯಿತು. "ಬಡ ಶ್ರಾವಕರ ಮನಿಮನಿಗೆ ಹಂಚತೇನಿ ಅಂದಾ. ಗುಪ್ತದಾನ, ಯಾರ ಮುಂದೂ ಹೇಳಬ್ಯಾಡ್ರಿ ಅಂದಾ. ಬಸದಿಯೊಳಗ ಶಾಲು ಹೊಚ್ಚತೇವಿ ಬಾ ಅಂದ್ರ ಕಿವಿ ಮುಚಕೊಂಡ. ನಾ ಲಾಭ ಹಿಡೀದ ಕೊಟ್ಟೆ. ನಮ್ಮ ಹುಡುಗರಿಗೆ ಅವನ್ನ ನೋಡಿ ಕಲೀರಿ ಅಂತಿದ್ದೆ!"

"ರಾಜಪ್ಪ ಕಾಕಾರಿಗೂ ಹಂಗ ಹೇಳ್ಯಾನ. ಮಠದ ಕೆಲಸ, ಡಂಗುರ ಹೊಡೀಬ್ಯಾಡ್ರಿ ಅಂತ."

"ಒಂದ ಸಲ ಕೇಳಿದೆ, ಹಳೇ ಅರಿವಿ ಏನ ಮಾಡ್ತಾರೋ ನಿಮ್ಮ ಮಂದಿ ಅಂತ. 'ಸುಟ್ಟ ಬಿಡತೇವ್ರಿ' ಅಂದಾ." ಜಿನ್ನವ್ವ ಚೀಲದ ಕಡೆ ನೋಡಲಾರದೆ ಮುಖ ತಿರುಗಿಸಿದಳು. "ನಮ್ಮ ಮಂದ್ಯಾಗಿನಾವ ಯಾವನೂ ಹಂಗ ಅನ್ನಂಗಿಲ್ಲ. ಆ ಮಾತು ನನ್ನ ಕಿವ್ಯಾಗ ಬಿತ್ತು. ಖರೆ ಹೇಳ್ತೇನಿ, ಬಿತ್ತು. ಗಡಿಬಿಡಿಯಾಗ ಬಾಯಿ ತಪ್ಪಿರಬೇಕು ಅಂದ್ಕೊಂಡೆ. ಧರ್ಮದ ಮಾತ ಆಡೋ ಗಿರಾಕೀನ್ನ ಹೆಂಗ ಅನುಮಾನ ಪಡ್ಲಿ? ಜೀವಾ ಉಳಸಾಕ ನೇಯಿಸಿದ ಅರಿವಿ ತಂಗಿ ಇದು. ಜೀವಾ ತೆಗಿಯಾಕ ಕತ್ತರಿಸಿ ಕೊಟ್ಟೇನಿ."

ದಾಕ್ಷಾಯಿಣಿಗೆ ಗೆದ್ದ ಖುಷಿ ಆಗಬೇಕಿತ್ತು. ಆಗಲಿಲ್ಲ. ಅರವತ್ತು ದಾಟಿದ ಹೆಂಗಸೊಬ್ಬಳು ತನ್ನದೇ ಗಾದಿಯ ಮೇಲೆ ಪರಸ್ಥಳದವಳಂತೆ ಕುಳಿತಿದ್ದಳು.

ಉದ್ದಪ್ಪನಿಗೆ ಇಂಥ ಸೂಕ್ಷ್ಮಗಳೆಲ್ಲ ತಾಗುತ್ತಿರಲಿಲ್ಲ. "ಅಮ್ಮಾರ, ಆಸಾಮಿ ಹೆಂಗಿದ್ದ? ರಾಜಪ್ಪ ಹೇಳಿದ್ದು: ಕರ್ರಗ, ಉದ್ದಕ, ಬಾಗಿಲದಾಗ ಬಗ್ಗಿ ಬರಬೇಕಿತ್ತು."

"ಉದ್ದಕ? ಇಂವ ಬೆಳ್ಳಗ, ಗಿಡ್ಡ. ಆ ಸ್ಟೂಲಿನ ಮ್ಯಾಲ ಕುಂತ್ರ ಕಾಲು ನೆಲಕ್ಕ ಹತ್ತತಿರಲಿಲ್ಲ. ಮರಾಠಿ ಅಂದ್ರ ಬೆಣ್ಣಿ!"

ಉದ್ದಪ್ಪ ಬರೆದುಕೊಂಡ: 'ಉದ್ದ, ಗಿಡ್ಡ. ಕರಿ, ಬಿಳಿ. ಲಿಂಗಾಯತ ಜೈನ.' ಓದಿ ನೋಡಿದ. ನೋಟ್‌ಬುಕ್ಕನ್ನು ತಲೆಕೆಳಗು ಹಿಡಿದು ಮತ್ತೊಮ್ಮೆ ಓದಿದ. "ತಂಗಿ, ಇಂಥಾ ಮನಶ್ಯಾ ಹುಟ್ಟಾಕ ಬರಂಗಿಲ್ಲ" ಎಂದು ದಾಕ್ಷಾಯಿಣಿಯ ಕಿವಿಯಲ್ಲಿ ಹೇಳಿದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತು.

ಆಗ ಜಿನ್ನವ್ವ ಒಂದು ಕೆಲಸ ಮಾಡಿದಳು. ಗಾದಿಯ ಬಾಜೂ ಇದ್ದ ಕಪ್ಪು ಫೋನನ್ನು ತೊಡೆಯ ಮೇಲೆಳೆದುಕೊಂಡು ಒಂದು ನಂಬರು ತಿರುಗಿಸಿದಳು. ಅದು ಹಿಂದಿನ ಓಣಿಯ ಬಟ್ಟೆ ವ್ಯಾಪಾರಿ ಆಬಾಸಾಹೇಬನ ನಂಬರು. ಸ್ವಂತ ಮೈದುನ. ಹನ್ನೊಂದು ವರ್ಷದಿಂದ ಇಬ್ಬರ ನಡುವೆ ಮಾತಿರಲಿಲ್ಲ. ಒಬ್ಬರ ನೆರಳು ಇನ್ನೊಬ್ಬರ ಮೇಲೆ ಬೀಳಬಾರದೆಂದು ಬಿಸಿಲು ನೋಡಿಕೊಂಡು ರಸ್ತೆ ದಾಟುವವರು. ಆ ಕಡೆ ಫೋನ್ ಎತ್ತಿದವನು ಜಿನ್ನವ್ವನ ಹಲೋ ಕೇಳಿ, ದನಿ ಗುರುತಿಸಿ, ಫೋನನ್ನೇ ಕೈಬಿಟ್ಟ ಸದ್ದು ಬಂತು.

"ಆಬಾಸಾಹೇಬ, ಫೋನ್ ಎತ್ತಗೊ. ನಾ ಸತ್ತಿಲ್ಲ, ಜಗಳಾಡಾಕೂ ಮಾಡಿಲ್ಲ. ನಿನ್ನ ಕಡೆ ಯಾರರ ಸೋಸೋ ಅರಿವಿ ಗಂಟಗಟ್ಟಲೆ ಒಯ್ದಾರೇನ?"

ಆ ಕಡೆಯವನು ಮಾತಾಡತೊಡಗಿದ. ಜಿನ್ನವ್ವನ ಹುಬ್ಬು ಏರುತ್ತ ಏರುತ್ತ ಸೆರಗಿನೊಳಗೆ ಸೇರಿದವು. ಕೊನೆಗೆ ಆಕೆ, "ಇನ್ನ ಮ್ಯಾಲ ಕೊಡಬ್ಯಾಡ. ಕೇಳಿದ್ರ ಯಾವ ಊರು, ಯಾವ ಬಸದಿ, ಯಾರ ಮನಿಗೆ ಅಂತ ಕೇಳು. ಗಾಡಿ ನಂಬರ ಬರಕೊ, ಠಾಣೇಕ್ಕ ಹೇಳು, ನನಗೂ ಹೇಳು. ನೀ ನಿನ್ನ ಓಣ್ಯಾಗಿನ ಮೂರ ಅರಿವಿ ಅಂಗಡಿಗೆ ಫೋನ್ ಹಚ್ಚು, ನಾ ಉಳದವರಿಗೆ ಹಚ್ಚತೇನಿ" ಎಂದು ಇಟ್ಟಳು.

"ಅವನ ಕಡೇನೂ ಒಯ್ದಾರ" ಎಂದಳು. "ನನಗ ಗೊತ್ತಾಗಬಾರದು ಅಂತ ಆಣಿ ಹಾಕಿಸಿಕೊಂಡು. ನಾವಿಬ್ಬರೂ ಮಾತಾಡಂಗಿಲ್ಲ ಅನ್ನೂದು ಅವರಿಗೆ ಮೊದಲ ಗೊತ್ತಿತ್ತು, ನೋಡು."

"ಉದ್ದನೇ ಆಸಾಮಿನೋ, ಗಿಡ್ಡನೋ?" ಉದ್ದಪ್ಪ ಪೆನ್ಸಿಲ್ ಸಿದ್ಧ ಮಾಡಿದ.

"ಹೆಣ್ಮಗಳಂತ."

ಉದ್ದಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ, ನೋಟ್‌ಬುಕ್ ಮುಚ್ಚಿ, ಅದರ ಮೇಲೆ ಕುಳಿತುಬಿಟ್ಟ.

"ಅರಿವಿ ಕೈಲೇ ಒಯ್ತಿದ್ರೇನ್ರಿ?" ದಾಕ್ಷಾಯಿಣಿ ಕೇಳಿದಳು. ಗೊಂದಲದ ಗೋಡೆಯಲ್ಲಿ ಎಲ್ಲಾದರೂ ಒಂದು ಬಿರುಕು ಬೇಕಿತ್ತು.

"ಇಲ್ಲ. ಗಂಟ ಕಟ್ಟಿ ಬೆಲ್ಲದ ಬಾಗೇವಾಡಿ ಟೆಂಪೋಕ್ಕ ಹಾಕ್ತಿದ್ದೆ. ಅಲ್ಲಿ ಸ್ಟ್ಯಾಂಡಿನ ಎದುರಿಗೆ ಹೊಸಾ ಔಷಧದ ಅಂಗಡಿ ಐತಂತ, ಅಲ್ಲಿ ಇಳಸ್ರಿ ಅಂದಿದ್ದ."

"ಔಷಧದ ಅಂಗಡಿ?" ದಾಕ್ಷಾಯಿಣಿ ಎದ್ದು ನಿಂತಾಗಿತ್ತು.

"ತಂಗಿ," ಜಿನ್ನವ್ವ ಫೋನಿನ ಮೇಲೆ ಕೈ ಇಟ್ಟುಕೊಂಡೇ ಕರೆದಳು, "ಸೋಮವಾರ ಯಾರ ಮುಂದ ಸಾಕ್ಷಿ ಹೇಳಬೇಕೋ ಹೇಳ್ತೇನಿ. ಈ ಅರಿವಿ ನಾನ ಮಾರಿದ್ದು ಅಂತ ಹುಕ್ಕೇರಿ ಚೌಕದಾಗ ನಿಂತು ಹೇಳ್ತೇನಿ. ನೀ ಅವನ್ನ ಹಿಡಿ."

ಉದ್ದಪ್ಪನ ಎಂ-ಎಯ್ಟಿ ಗಾಡಿ ಏರಿದರೆ ದಾರಿ ತಾನೇ ಸರಿದು ಹಿಂದಕ್ಕೆ ಓಡುತ್ತಿತ್ತು ಎಂದು ಅವನ ಅಂಬೋಣ. ನಿಜವಾಗಿ, ಒಂದು ಎತ್ತಿನ ಬಂಡಿ ಅವರನ್ನು ಎರಡು ಸಲ ಹಿಂದೆ ಹಾಕಿತು. ಎರಡನೇ ಸಲ ಬಂಡಿಯವನು, "ತಳ್ಳಬೇಕೇನ್ರಿ ಹವಾಲ್ದಾರ್ರ?" ಎಂದೂ ಕೇಳಿದ. ಬಿಸಿಲಿಗೆ ಡಾಂಬರು ಬೆಲ್ಲದ ಪಾಕದಂತೆ ಚಕ್ರಕ್ಕೆ ಅಂಟುತ್ತಿತ್ತು. ಹಿಂದೆ ಕುಳಿತ ದಾಕ್ಷಾಯಿಣಿ ಒಂದೇ ಸಮ ಲೆಕ್ಕ ಹಾಕುತ್ತಿದ್ದಳು: ಉದ್ದನೆಯವನು ಒಬ್ಬ, ಗಿಡ್ಡನೆಯವನು ಒಬ್ಬ, ಹೆಂಗಸು ಒಬ್ಬಳು. ಆದರೆ ಗುಳಿಗೆ ಮಾತ್ರ ತನ್ನ ಹೆಸರಿಗೆ. ಹೇಗೆ ಕೂಡಿಸಿದರೂ ಉತ್ತರದಲ್ಲಿ ತಾನೇ ಉಳಿಯುತ್ತಿದ್ದಳು.

ಬಾಗೇವಾಡಿ ಮುಟ್ಟಿದಾಗ ಮೂರು ಗಂಟೆ.

"ನೀವು ಗಾಡಿ ಕಡೆ ಇರ್ರಿ ಕಾಕಾ. ಹಿಂದ ಬಾಗಿಲ ಐತೇನ ನೋಡ್ರಿ. ನಾ ಗಿರಾಕಿ ಹಂಗ ಹೋಗಿ ಬರತೇನಿ. ಏನರ ಆಗಲಿ, ಬಾಯಿ ಮಾತ್ರ ತಗೀಬ್ಯಾಡ್ರಿ."

"ನನ್ನ ಬಾಯಿನಾ? ಹೊಲದು ಹಾಕೇನಿ ಅಂತ ತಿಳಕೊ."

'ಹೊಸಬೆಳಕು ಮೆಡಿಕಲ್ಸ್' ಎಂದು ಬೋರ್ಡಿತ್ತು. ಗಾಜಿನ ಕಪಾಟುಗಳು ಎಷ್ಟು ಹೊಳೆಯುತ್ತಿದ್ದವೆಂದರೆ ಅವುಗಳ ಮುಂದೆ ನಿಂತು ಊರಿನ ಗಂಡಸರು ಕ್ರಾಪು ತೀಡಿಕೊಳ್ಳುತ್ತಿದ್ದರಂತೆ. ಆದರೆ ದಾಕ್ಷಾಯಿಣಿಯ ಕಣ್ಣಿಗೆ ಬೇರೆಯೇ ಕಂಡಿತು. ಕೆಮ್ಮಿನ ಔಷಧದ ಬಾಟಲಿಗಳ ಮೇಲೆ ಬೆರಳುದಪ್ಪ ಧೂಳು. ಮಕ್ಕಳ ಪೌಡರು ಬಿಸಿಲಿಗೆ ಬಿಳುಚಿದ ಡಬ್ಬಿಯಲ್ಲಿ. ಇದು ಮಾರಲು ಇಟ್ಟ ಅಂಗಡಿಯಲ್ಲ, ತೋರಿಸಲು ಇಟ್ಟದ್ದು.

ಕೌಂಟರಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿ ಉಗುರಿಗೆ ಬಣ್ಣ ಹಚ್ಚಿಕೊಳ್ಳುತ್ತಿದ್ದಳು. ಕೊರಳಿನ ಸರದಲ್ಲಿ ಸೋನಾಲಿ ಎಂದು ಬರೆದಿತ್ತು.

"ನೆಗಡಿ ಗುಳಗಿ ಐತೇನ್ರಿ?"

"ಐತ್ರಿ. ಎಷ್ಟ ಪೆಟ್ಟಿಗಿ?"

"ಪೆಟ್ಟಿಗಿ?"

"ಇಲ್ಲಿ ಪೆಟ್ಟಿಗಿಲೇನ ಒಯ್ತಾರಲ್ರಿ. ಬಿಡಿ ಬೇಕಾದ್ರ ಆ ತುದಿಗಿನ ಅಂಗಡಿಗೆ ಹೋಗ್ರಿ." ಹುಡುಗಿ ಕಿರುಬೆರಳ ಉಗುರಿಗೆ ಉಫ್ ಎಂದಳು.

"ಇಷ್ಟ ಮಂದಿಗೆ ನೆಗಡಿ ಆಗೈತೇನ ಈ ಊರಾಗ?"

"ನನಗೇನ ಗೊತ್ರಿ? ನಾ ಪಗಾರಕ್ಕ ಬಂದಾಕಿ. ಕೇಳಬ್ಯಾಡ ಅಂದಾರ, ಕೇಳಂಗಿಲ್ಲ."

"ಯಾರು ಅಂದಾರ? ಇದು ಯಾರ ಅಂಗಡಿ?"

ಹುಡುಗಿ ಬಣ್ಣದ ಕುಂಚದಿಂದಲೇ ಹಿಂದಿನ ಗೋಡೆ ತೋರಿಸಿದಳು. ಪ್ರತಿ ಔಷಧ ಅಂಗಡಿಯಲ್ಲೂ ಇರುವಂತೆ ಫಾರ್ಮಸಿಸ್ಟರ ನೋಂದಣಿ ಪತ್ರ, ಚೌಕಟ್ಟು ಹಾಕಿಸಿ, ಮಲ್ಲಿಗೆ ಮಾಲೆ ಹಾಕಿ ತೂಗುಬಿಟ್ಟಿದ್ದರು.

ದಾಕ್ಷಾಯಿಣಿ ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

ಹೆಸರು: ದಾಕ್ಷಾಯಿಣಿ. ತಂದೆ: ಮುರಿಗೆಪ್ಪ. ಊರು: ಮೂಡಲಗಿ. ಅಂಕಿಗೆ ಅಂಕಿ ಅದೇ ನೋಂದಣಿ ಸಂಖ್ಯೆ, ಯಾವುದನ್ನು ನಿದ್ದೆಯಲ್ಲಿ ಕೇಳಿದರೂ ಆಕೆ ಹೇಳುತ್ತಿದ್ದಳೋ ಅದೇ. ಜನ್ಮ ತಾರೀಖೂ ಆಕೆಯದೇ. ಎಲ್ಲ ಆಕೆಯದೇ.

ಫೋಟೋ ಮಾತ್ರ ಬೇರೆ ಯಾರದೋ. ದುಂಡು ಮುಖ, ಅಗಲ ಕುಂಕುಮ, ತುಟಿಯ ಮೂಲೆಯಲ್ಲಿ ಒಂದು ಸಣ್ಣ ನಗು. ಎಂದೂ ಕಂಡಿರದ ಹೆಂಗಸು.

"ಈಕಿ... ಇವರು ಯಾರು?" ಆಕೆ ಫೋಟೋದ ಕಡೆ ಬೆರಳು ತೋರಿಸಿದಳು.

"ದಾಕ್ಷಾಯಿಣಿ ಮೇಡಮ್ಮಾರ್ರಿ! ಓದಾಕ ಬರಂಗಿಲ್ಲೇನ?"

"ನೀ ಅವರನ್ನ ನೋಡೀಯೇನ?"

"ಏನ ಹುಚ್ಚರಂಗ ಕೇಳ್ತೀರಿ? ದಿನಾ ಬರ್ತಾರ. ಈಗೂ ಊಟಕ್ಕ ಹೋಗ್ಯಾರ, ಬರೋ ಹೊತ್ತಾತು. ಕುಂದರ್ರಿ ಬೇಕಾದ್ರ."

ದಾಕ್ಷಾಯಿಣಿ ಕುಳಿತುಕೊಳ್ಳಲಿಲ್ಲ. ತಾನು ಮೂಡಲಗಿಯಲ್ಲಿ ಒಂದೊಂದು ಮೂಗು ಪರೀಕ್ಷಿಸಿ ಎರಡೆರಡು ಪಟ್ಟಿ ಕೊಡುತ್ತಿದ್ದಾಗ, ತಾನೇ ಇಲ್ಲಿ ಕುಳಿತು ಪೆಟ್ಟಿಗೆಗಟ್ಟಲೆ ಸಾಗಿಸುತ್ತಿದ್ದಳೇ? ಎರಡು ಸಾವಿರ ಪಟ್ಟಿ ಬಂದ ಬಾಗಿಲು ಇದು. ಅಷ್ಟು ತಿಳಿಯಿತು. ಅದಕ್ಕಿಂತ ಆಚೆ ಒಂದು ಅಕ್ಷರವೂ ತಿಳಿಯಲಿಲ್ಲ.

ಅಂಗಡಿಯ ಮುಂದೆ ಜೀಪೊಂದು ಧೂಳೆಬ್ಬಿಸಿ ನಿಂತಿತು. ಔಷಧ ನಿಯಂತ್ರಣ ಇಲಾಖೆ ಎಂದು ಬರೆದ ಸರಕಾರಿ ಜೀಪು. ಹಿಂದಿನ ಸೀಟಿನಿಂದ ಫೈಲು ಹಿಡಿದ ಔಷಧ ನಿರೀಕ್ಷಕರು ಇಳಿದರು, ಜೊತೆಗೆ ಇಬ್ಬರು ಪೊಲೀಸರು. ದಾಕ್ಷಾಯಿಣಿಯ ಎದೆಯಲ್ಲಿ ಒಮ್ಮೆಲೇ ಗಾಳಿ ತುಂಬಿತು. ಸೋಮವಾರದವರೆಗೂ ಕಾಯಬೇಕಿಲ್ಲ; ಸಾಕ್ಷಿ ಗೋಡೆಯ ಮೇಲೇ ಇದೆ. ನೋಟೀಸಿಗೆ ಸಹಿ ಮಾಡಿದವರು ಇವರೇ ಇರಬೇಕು. ಹೊಸದಾಗಿ ಬಂದವರು, ಮುಖ ನೋಡಿದ್ದು ಇದೇ ಮೊದಲು. ಆಕೆ ಮುಂದಕ್ಕೆ ಹೆಜ್ಜೆ ಇಟ್ಟಳು.

ಜೀಪಿನ ಮುಂದಿನ ಸೀಟಿನಿಂದ ಇನ್ನೊಬ್ಬರು ಇಳಿದರು. ದುಂಡು ಮುಖ, ಅಗಲ ಕುಂಕುಮ.

"ಬರ್ರಿ ಸಾಹೇಬ್ರ, ಒಳಗ ಬರ್ರಿ" ಎಂದಿತು ಆ ಫೋಟೋ, ಜೀವಂತವಾಗಿ. "ಬಿಸಲಾಗ ಬಂದೀರಿ. ಸೋನಾಲಿ, ಸಾಹೇಬ್ರಿಗೆ ನೀರ ಕೊಡು."

"ನೀರ ಇರಲಿ ದಾಕ್ಷಾಯಿಣಿ ಮೇಡಂ" ಎಂದರು ನಿರೀಕ್ಷಕರು ಫೈಲು ಬಿಚ್ಚುತ್ತ. "ನೋಟೀಸ ಮೂಡಲಗಿಗೆ ಹೋತು, ನಮ್ಮ ಆಫೀಸಿನವರ ತಪ್ಪು. ಆದ್ರ ನಿಮ್ಮ ಅರ್ಜಿ ಟೈಮಿಗೆ ಬಂತು. ಮೂಡಲಗ್ಯಾಗ ನಿಮ್ಮ ಹೆಸರು, ನಿಮ್ಮ ನಂಬರ ಹಚಕೊಂಡು ಒಬ್ಬಾಕಿ ಕಳ್ಳ ಅಂಗಡಿ ನಡಸಾಕತ್ತಾಳ ಅಂತ ಬರದೀರಿ. ಆಕೀನ್ನ ಇವತ್ತ ಸಂಜಿ ಒಳಗ ಎತ್ತತೇವಿ. ನೀವು ಗುರ್ತ ಹಿಡದ್ರ ಸಾಕು."

"ನಾ ಆಕೀನ್ನ ಎಂದೂ ನೋಡೇ ಇಲ್ರಿ ಸಾಹೇಬ್ರ" ಎಂದು ಆ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗಲೇ ನಿರೀಕ್ಷಕರ ಕಣ್ಣು, ಕೌಂಟರಿನ ಮುಂದೆ ಕಂಬದಂತೆ ನಿಂತಿದ್ದವಳ ಮೇಲೆ ಬಿದ್ದದ್ದು.

"ತಾವ್ಯಾರ್ರಿ?"

ದಾಕ್ಷಾಯಿಣಿ ಬಾಯಿ ತೆರೆದಳು. ತಾನು ಯಾರೆಂದು ಹೇಳಲು ಆಕೆಯ ಬಳಿ ಇದ್ದದ್ದು ಒಂದೇ ಒಂದು ಹೆಸರು. ಆ ಹೆಸರು ಈಗ ಪೊಲೀಸರ ಫೈಲಿನಲ್ಲಿತ್ತು. ಬಾಯಿ ಮುಚ್ಚಿದಳು. "ಗಿರಾಕಿ" ಎನ್ನಲು ತುಟಿ ಅಲುಗಿದವು.

ಅಷ್ಟರಲ್ಲಿ ಅಂಗಡಿಯ ಹಿಂಬದಿಯಿಂದ ಉದ್ದಪ್ಪನ ಕಂಠ, ಬಾಗೇವಾಡಿಯ ಎಮ್ಮೆಗಳೆಲ್ಲ ಮೇವು ಬಿಟ್ಟು ತಲೆ ಎತ್ತುವಂತೆ, ಗುಡುಗಿತು:

"ದಾಕ್ಷಾಯಿಣೀ! ಇಲ್ಲಿ ಹಿಂದ ಬಾ, ಜಲ್ದಿ! ನೀಲಿ ಬ್ಯಾರಲ್ ಸಿಕ್ಕಾವ!"

ಅಂಗಡಿಯೊಳಗೆ ಆ ಹೆಸರಿಗೆ ಎರಡು ತಲೆಗಳು ಒಟ್ಟಿಗೆ ತಿರುಗಿದವು.